ಶುಕ್ರವಾರದ ಹೆಸರು

ಆ ಆಫೀಸಿನಲ್ಲಿ ಪ್ರತಿ ಶುಕ್ರವಾರ ಸಂಜೆ ಒಬ್ಬರ ಹೆಸರು ಹೋಗುತ್ತಿತ್ತು. ಹೋದದ್ದು ಮುಂದಿನ ಶುಕ್ರವಾರದವರೆಗೆ ವಾಪಸು ಸಿಗುತ್ತಿರಲಿಲ್ಲ.

ಆಫೀಸು ಇದ್ದದ್ದು ಮಣಿಪಾಲದಲ್ಲಿ, ಟೈಗರ್ ಸರ್ಕಲ್‌ನಿಂದ ಸ್ವಲ್ಪ ಕೆಳಗೆ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಹಾಸ್ಟೆಲ್‌ಗಳ ಮೆಸ್ಸಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ನಾಳೆ ಊಟಕ್ಕೆ ಎಷ್ಟು ಜನ, ಉಗ್ರಾಣದಲ್ಲಿ ಅಕ್ಕಿ ಎಷ್ಟು ಉಳಿದಿದೆ, ಹೊಸ ಲೋಡು ಯಾವಾಗ ತರಿಸಬೇಕು, ಇದನ್ನೆಲ್ಲ ವಾರ್ಡನ್ನರ ಬದಲು ಪ್ರೋಗ್ರಾಮು ಹೇಳುತ್ತಿತ್ತು. ಅದನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಿದ್ದರು. ಬರೆದದ್ದನ್ನು ಲಿಂಟರ್ ಓದುತ್ತಿತ್ತು. ಲಿಂಟರ್ ಅಂದರೆ ಇನ್ನೊಂದು ಪ್ರೋಗ್ರಾಮು. ಕೋಡನ್ನು ಓಡಿಸದೆಯೇ ಸಾಲು ಸಾಲಾಗಿ ಓದಿ, ಇಲ್ಲಿ ಜಾಗ ಬಿಟ್ಟಿಲ್ಲ, ಇಲ್ಲಿ ಅಂಕಿ ತುಂಬಿಡುವ ವೇರಿಯೆಬಲ್‌ಗೆ ಇಟ್ಟ ಹೆಸರು ಸರಿಯಿಲ್ಲ ಎಂದು ತಕರಾರು ತೆಗೆಯುವುದಷ್ಟೇ ಅದರ ಕೆಲಸ. ಬೇರೆ ಆಫೀಸುಗಳಲ್ಲಿ ತಕರಾರು ಬಂದರೆ ತಿದ್ದಿಕೊಂಡು ಸುಮ್ಮನಾಗುತ್ತಾರೆ. ಇಲ್ಲಿ ಅದನ್ನು ಆಟ ಮಾಡಿಕೊಂಡಿದ್ದರು.

ಆಟ ಶುರು ಮಾಡಿದವನು ನಂದನ. ಅಂಬಲಪಾಡಿಯವನು, ಟೀಮಿನ ಲೀಡ್, ಮನೆಯಲ್ಲಿ ಅಪ್ಪ ಅಜ್ಜ ಎಲ್ಲ ಮಂತ್ರ ಹೇಳುವವರು. ಒಂದು ಅಕ್ಷರ ತಪ್ಪಿದರೆ ಮಂತ್ರಕ್ಕೆ ಫಲವಿಲ್ಲ ಎಂದು ಕೇಳಿ ಬೆಳೆದವನಿಗೆ ಕೋಡಿನಲ್ಲಿ ತಪ್ಪು ಹೆಸರು ಕಂಡರೆ ಮೈ ಉರಿಯುತ್ತಿತ್ತು. ಶುಕ್ರವಾರ ಚಹಾದ ಹೊತ್ತಿಗೆ ಗೋಡೆಯ ಟಿವಿಯಲ್ಲಿ ಆ ವಾರದ ಎಲ್ಲರ ಕೋಡಿನ ಮೇಲೆ ಲಿಂಟರ್ ಓಡಿಸುತ್ತಿದ್ದ. ಹೆಸರಿನ ತಕರಾರು ಯಾರದ್ದು ಹೆಚ್ಚೋ ಅವರು ಸೋತಂತೆ. ಅವರು ಇಟ್ಟ ಹೆಸರುಗಳಲ್ಲೇ ಅತ್ಯಂತ ಹೊಲಸಾದದ್ದನ್ನು ಎಲ್ಲರೂ ಕೂಗಿ ಆರಿಸುತ್ತಿದ್ದರು. ಇನ್ನೊಂದು ವಾರ ಅದೇ ಅವರ ಹೆಸರು. ಆಫೀಸಿನ ಚಾಟ್‌ನಲ್ಲಿ ಅದೇ, ಮೇಜಿನ ಮೇಲಿನ ಚೀಟಿಯಲ್ಲಿ ಅದೇ, ಚಹಾಕ್ಕೆ ಕರೆಯುವಾಗಲೂ ಅದೇ. ಬಾಯಿತಪ್ಪಿ ಯಾರಾದರೂ ನಿಜವಾದ ಹೆಸರು ಹೇಳಿದರೆ ಅವರು ಕೆಳಗಿನ ಕ್ಯಾಂಟೀನಿನಿಂದ ಎಲ್ಲರಿಗೂ ಬನ್ಸ್ ತರಿಸಬೇಕು.

ಕುಕ್ಕುಂದೂರಿನ ಯಶ್ಮಿತಾ ಒಂದು ವಾರ 'ಎಎ' ಆಗಿದ್ದಳು. ಮೊದಲೆರಡು ದಿನ ಅವಳೂ ನಕ್ಕಳು. ಆಮೇಲೊಂದು ದಿನ ಬಾತ್‌ರೂಮಿಗೆ ಹೋದವಳು ತುಂಬಾ ಹೊತ್ತು ಹೊರಗೆ ಬರಲಿಲ್ಲ. ಅದರ ಮುಂದಿನ ಶುಕ್ರವಾರದಿಂದ ಎಲ್ಲರಿಗಿಂತ ಜೋರಾಗಿ ಕೂಗುವವಳು ಅವಳೇ.

ಲವೀನಾ ಕೆಲಸಕ್ಕೆ ಸೇರಿದಾಗ ಅವಳ ಜೊತೆಗೇ ಜೋಯ್‌ಸ್ಟನ್ ಕೂಡ ಸೇರಿದ. ಇಬ್ಬರೂ ಕಾಪುವಿನವರು, ಒಂದೇ ಇಗರ್ಜಿಗೆ ಹೋಗುವವರು. ಇಬ್ಬರೂ ಪ್ರೊಬೇಷನ್. ಕಂಪನಿಯ ಯಜಮಾನಿ ಪ್ರಭಾವತಿ ಮೇಡಂ ಮೊದಲ ದಿನವೇ ಇಬ್ಬರನ್ನೂ ಕೂರಿಸಿ ಹೇಳಿದ್ದರು: "ನೋಡಿ, ಜಾಗ ಇರುವುದು ಒಂದು. ಆರು ತಿಂಗಳು ಆದ ಮೇಲೆ ನಿಮ್ಮಲ್ಲಿ ಒಬ್ಬರನ್ನು ಇಟ್ಟುಕೊಳ್ಳುತ್ತೇವೆ. ನಾನು ಮುಚ್ಚಿಟ್ಟಿಲ್ಲ. ಮತ್ತೆ ಅತ್ತು ಕರೆದು ಮಾಡಬೇಡಿ."

ಲವೀನಾಳಿಗೆ ಆ ಜಾಗ ಬೇಕಿತ್ತು. ಬಿಸಿಎ ಮುಗಿಸಿದ ಮೇಲೆ ಅವಳು ಒಂದು ವರ್ಷ ಕಾಪುವಿನ ಪೇಟೆಯಲ್ಲಿ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಟೋಕನ್ ಕರೆಯುತ್ತಾ ಕೂತಿದ್ದಳು. ಅಲ್ಲಿ ನರ್ಸ್ ಆಗಿದ್ದ ಚಿಕ್ಕಮ್ಮ ವೆರೊನಿಕಾ ಕೊಡಿಸಿದ ಕೆಲಸ. ಬಾಗಿಲಲ್ಲಿ ನಿಂತು ಹೆಸರು ಕೂಗುವುದು, ಕೂಗಿದವರು ಬರದಿದ್ದರೆ ಮತ್ತೆ ಕೂಗುವುದು, ಎರಡು ಕೂಗಿನ ನಡುವೆ ಚಿಕ್ಕಮ್ಮನಿಂದ ಬೈಸಿಕೊಳ್ಳುವುದು. "ಸಾಫ್ಟ್‌ವೇರ್ ಆಗದಿದ್ದರೆ ಬಾ, ನಿನ್ನ ಕುರ್ಚಿ ಇಲ್ಲಿ ಹಾಗೇ ಉಂಟು" ಎಂದು ಚಿಕ್ಕಮ್ಮ ಪ್ರತಿ ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ನೆನಪಿಸುತ್ತಿದ್ದಳು. ಪ್ರೀತಿಯಿಂದಲೇ ನೆನಪಿಸುತ್ತಿದ್ದಳು. ಆ ಕುರ್ಚಿಯ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿತ್ತು. ಲವೀನಾಳಿಗೆ ರಾತ್ರಿ ಕನಸಿನಲ್ಲೂ ಆ ಸ್ಪಂಜು ಕಾಣುತ್ತಿತ್ತು.

ಜೋಯ್‌ಸ್ಟನ್‌ಗೆ ನಲವತ್ತರ ಹತ್ತಿರ ವಯಸ್ಸು. ದೋಹಾದಲ್ಲಿ ಗೋದಾಮಿನ ಸ್ಟೋರ್‌ಕೀಪರ್ ಆಗಿದ್ದ. ಕಂಪನಿ ಮುಚ್ಚಿತು, ಊರಿಗೆ ಬಂದ, ಉಡುಪಿಯಲ್ಲಿ ಒಂದು ಪೈಥಾನ್ ಕೋರ್ಸ್ ಮಾಡಿದ. ತನ್ನ ಅರ್ಧ ವಯಸ್ಸಿನ ಹುಡುಗರ ನಡುವೆ ಕೂತು ಕಲಿತ. ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟಿನ ಮೇಲೆ ತನ್ನ ಊಟದ ಚೀಲ ಇಟ್ಟು ಲವೀನಾಳಿಗೆ ಜಾಗ ಹಿಡಿಯುತ್ತಿದ್ದ. ಅವನ ಮಗಳು ಡೈನಾ, ಆರನೇ ಕ್ಲಾಸು, ಭಾನುವಾರ ಇಗರ್ಜಿಯಲ್ಲಿ ಲವೀನಾ ಮಕ್ಕಳಿಗೆ ಧರ್ಮಪಾಠ ಹೇಳುವ ಕೆಟೆಕಿಸಂ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವಳು. ಹಾಗಾಗಿ ಅವನಿಗೆ ಲವೀನಾ ಮಗಳ ಟೀಚರು, ಅವಳಿಗೆ ಅವನು ಅಂಕಲ್. ಬಸ್ಸಿನಲ್ಲಿ ಕೊಂಕಣಿ ಮಾತಾಡುತ್ತಿದ್ದರು. ಮಣಿಪಾಲದಲ್ಲಿ ಇಳಿದ ಮೇಲೆ ಕನ್ನಡ.

ಜೋಯ್‌ಸ್ಟನ್ ಬರೆದ ಕೋಡು ಓಡುತ್ತಿತ್ತು. ಆದರೆ ಗೋದಾಮಿನಲ್ಲಿ ಕಪಾಟುಗಳಿಗೆ ಕೊಟ್ಟ ಹಾಗೆ ಒಂದು ಅಕ್ಷರ, ಒಂದು ಅಂಕಿ, ಇಷ್ಟೇ ಅವನು ಇಡುತ್ತಿದ್ದ ಹೆಸರು. ಲಿಂಟರ್‌ಗೆ ಅದು ಆಗದು. ಮೂರಕ್ಷರಕ್ಕಿಂತ ಸಣ್ಣ ಹೆಸರು ಕಂಡಲ್ಲೆಲ್ಲ ತಕರಾರು. ಸೇರಿದ ಮೊದಲ ಶುಕ್ರವಾರವೇ ಅವನು 'ಎ-ಒನ್' ಆದ. ಮರುವಾರ 'ಕ್ಯೂ-ಸೆವೆನ್'. ಅದರ ಮರುವಾರ ಮತ್ತೆ 'ಎ-ಒನ್'.

"ಬೇಸರ ಆಗುವುದಿಲ್ಲವಾ ಅಂಕಲ್?" ಎಂದು ಬಸ್ಸಿನಲ್ಲಿ ಲವೀನಾ ಕೇಳಿದಳು.

"ಎಂತ ಬೇಸರ ಬಾಯೇ? ದೋಹಾದಲ್ಲಿ ನನ್ನನ್ನು ನಂಬರಿನಲ್ಲೇ ಕರೆಯುತ್ತಿದ್ದದ್ದು. ಅದು ಉದ್ದ ಇತ್ತು. ಇದು ಸಣ್ಣ."

ಒಮ್ಮೆ ಆನಿ ಫೋನ್ ಮಾಡಿದ್ದಳು. ಆನಿ ಅವನ ಹೆಂಡತಿ. ಅವನ ಮೊಬೈಲು ಆಫ್ ಆಗಿತ್ತೆಂದು ಆಫೀಸಿನ ನಂಬರಿಗೇ ಮಾಡಿದಳು. ಯಶ್ಮಿತಾ ಫೋನ್ ಎತ್ತಿದಳು. "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದು ಇಟ್ಟುಬಿಟ್ಟಳು. ಆ ಹೆಸರು ಹಿಡಿದು ಕರೆದರೆ ಬನ್ಸ್ ತರಿಸಬೇಕಾಗುತ್ತದಲ್ಲ ಎಂದು ಆಮೇಲೆ ಎಲ್ಲರೂ ನಕ್ಕರು. ಜೋಯ್‌ಸ್ಟನ್ ಕೂಡ ನಕ್ಕ. ಲವೀನಾ ನಕ್ಕಿದ್ದು ಸ್ವಲ್ಪ ಜಾಸ್ತಿ.

ಅವನಿಗೆ ಉಪಾಯ ಹೇಳಿಕೊಟ್ಟವಳು ಅವಳೇ. ಕಟಪಾಡಿಯ ಹತ್ತಿರ ಟ್ರಾಫಿಕ್‌ನಲ್ಲಿ ಬಸ್ಸು ನಿಂತಿತ್ತು.

"ಲಿಂಟರ್‌ಗೆ ಅರ್ಥ ಬೇಡ ಅಂಕಲ್. ಮೂರಕ್ಷರವಾದರೂ ಇರಬೇಕು, ಎಲ್ಲ ಇಂಗ್ಲಿಷಿನ ಸಣ್ಣಕ್ಷರ ಇರಬೇಕು. ಅದಕ್ಕೆ ಗೊತ್ತಿರುವುದು ಅಷ್ಟೇ. ಸದ್ಯಕ್ಕೆ ಎಂತಾದರೂ ಹಾಕಿ. ಮತ್ತೆ ಪುರುಸೊತ್ತಿನಲ್ಲಿ ಬದಲಿಸಿದರಾಯಿತು."

"ಎಂತಾದರೂ ಅಂದರೆ ಎಂತ ಹಾಕುವುದು?"

"ನಿಮ್ಮ ಮಗಳ ಹೆಸರು ಹಾಕಿ."

ಅವಳು ತಮಾಷೆಗೆ ಹೇಳಿದ್ದು. ಅವನು ಹಾಗೇ ಮಾಡಿದ. ಅಕ್ಕಿಯ ದಾಸ್ತಾನಿಗೆ 'ಡೈನಾ' ಎಂದು ಇಟ್ಟ. ದಿನದಿನದ ಲೆಕ್ಕ ಉಳಿಸುವ ಕಡತದಲ್ಲೂ ಅಕ್ಕಿಯ ಕಾಲಮ್ಮಿನ ತಲೆಗೆ ಅದೇ ಹೆಸರು ಕೊಟ್ಟ. ಲಿಂಟರ್ ಬಾಯಿ ಮುಚ್ಚಿತು. ಮರುದಿನ ಬಸ್ಸಿನಲ್ಲಿ ಅದನ್ನೆಲ್ಲ ಅವಳಿಗೆ ವರದಿ ಒಪ್ಪಿಸಿದ. "ನಿನ್ನೆ ಡೈನಾ ಮೈನಸ್ಸಿಗೆ ಹೋಗಿದ್ದಳು ಬಾಯೇ, ಹುಡುಕಿ ಹುಡುಕಿ ಸಾಕಾಯಿತು. ಈಗ ಎಲ್ಲ ಹಾಸ್ಟೆಲ್ಲಿನ ಲೆಕ್ಕವೂ ಅವಳ ಹೆಸರಿನಲ್ಲೇ ಉಂಟು." ಹೇಳುವಾಗ ಅವನ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಲವೀನಾ ಅದನ್ನು ಗಮನಿಸಿದಳು.

ಅಲ್ಲಿಂದ ಮುಂದೆ ಜೋಯ್‌ಸ್ಟನ್ ಶುಕ್ರವಾರ ಸೋಲಲಿಲ್ಲ. ಬೇರೆ ಯಾರಾದರೂ ಸೋಲಲೇಬೇಕಲ್ಲ, ಒಂದು ಶುಕ್ರವಾರ ಲವೀನಾ ಸೋತಳು. ಕಾಲೇಜಿನಲ್ಲಿ ಜಾವಾ ಕಲಿತ ಅಭ್ಯಾಸಕ್ಕೆ ಹೆಸರಿನ ನಡುವೆ ದೊಡ್ಡಕ್ಷರ ತುರುಕುತ್ತಿದ್ದಳು. ಟಿವಿಯಲ್ಲಿ ಅವಳ ಸಾಲುಗಳು ಕೆಂಪಾಗಿ ಬಂದವು. ಊಟದ ತಟ್ಟೆಗಳ ಲೆಕ್ಕಕ್ಕೆ ಅವಳು ಇಟ್ಟಿದ್ದ ಹೆಸರಿನಿಂದ ಕೊನೆಯ ತುಂಡನ್ನು ಕತ್ತರಿಸಿ ಅವಳಿಗೆ ಕೊಟ್ಟರು: 'ಪ್ಲೇಟ್'.

"ಏ ಪ್ಲೇಟ್, ತೊಳೆದಾಯಿತಾ?" ಎಂದು ಯಶ್ಮಿತಾ ಬೆಳಿಗ್ಗೆ ಬೆಳಿಗ್ಗೆಯೇ ಕೇಳುತ್ತಿದ್ದಳು.

"ಪ್ಲೇಟನ್ನು ಹಾಗೆ ಕೂಗಬೇಡ ಮಾರಾಯ್ತಿ, ಒಡೆದುಹೋದೀತು" ಎನ್ನುತ್ತಿದ್ದ ನಂದನ.

ಆ ವಾರ ಪೂರ್ತಿ ಜೋಯ್‌ಸ್ಟನ್ ಅವಳನ್ನು ಲವೀನಾ ಎಂದೇ ಕರೆದ. ಬಾಯಿತಪ್ಪಿ ಅಲ್ಲ, ಬೇಕೆಂದೇ. ದಿನಾ ಎಲ್ಲರೆದುರು ಒಮ್ಮೆ ಸ್ಪಷ್ಟವಾಗಿ "ಲವೀನಾ, ಆ ಫೈಲ್ ನೋಡಿದೆಯಾ?" ಎಂದು ಕೇಳುವುದು, ಕೆಳಗೆ ಹೋಗಿ ಬನ್ಸ್ ತರುವುದು. ಎಲ್ಲರೂ ತಿಂದರು. ಲವೀನಾಳಿಗೆ ಅದರಿಂದ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವನು ಸುಮ್ಮನಿದ್ದಿದ್ದರೆ ಅವಳೂ ನಗುತ್ತಾ ವಾರ ಕಳೆಯುತ್ತಿದ್ದಳು. ಅವನು ದಿನಾ ಬನ್ಸ್ ತಂದು, ಅವಳಿಗೆ ಏನೋ ಅವಮಾನವಾಗಿದೆ ಎಂದು ಎಲ್ಲರಿಗೂ ತಿಳಿಸಿಬಿಟ್ಟ. ಶುಕ್ರವಾರ ಅವಳಿಗೆ ಹೆಸರು ವಾಪಸು ಬಂದಾಗ ಅವನ ಮೇಲೆ ಇದ್ದದ್ದು ಸಿಟ್ಟು.

ಪ್ರೊಬೇಷನ್ ಮುಗಿಯಲು ಕೆಲವೇ ವಾರ ಉಳಿದಾಗ ನಂದನ ಅವಳನ್ನು ಕರೆದ. ಆ ಒಂದು ವಾರದ ನಂತರ ಅವಳು ಲಿಂಟರಿನ ಎಲ್ಲ ನಿಯಮಗಳನ್ನೂ ಓದಿಕೊಂಡಿದ್ದಳು, ಅವಳ ಕೋಡಿನಲ್ಲಿ ತಕರಾರು ಎಂಬುದೇ ಇರಲಿಲ್ಲ. ಅದು ಅವನಿಗೆ ಹಿಡಿಸಿತ್ತು.

"ಇನ್ನು ಮೇಲೆ ನಿಯಮದ ಫೈಲು ನಿನ್ನ ಕೈಗೆ. ಯಾರದ್ದೇ ಕೋಡು ಬಂದರೂ ಹೆಸರು ಮಾತ್ರ ನೀನು ನೋಡಬೇಕು. ಬೇರೆ ಎಂತದೂ ನೋಡುವುದು ಬೇಡ, ಅದು ನನ್ನ ತಲೆಬಿಸಿ. ಮೇಡಂ ರಿವ್ಯೂ ಮಾಡುವಾಗ ಕೇಳುವುದು ಒಂದೇ, ಇವರ ಕೋಡು ಓದಲಿಕ್ಕೆ ಆಗುತ್ತದಾ ಅಂತ. ಓಡುವ ಕೋಡು ಯಾರು ಬೇಕಾದರೂ ಬರೆಯುತ್ತಾರೆ."

ಅವನು ಫೈಲು ತೆರೆದು ತೋರಿಸಿದ. ಅದರಲ್ಲಿ ಎರಡು ಪಟ್ಟಿ. ಒಂದು ಒಳ್ಳೆಯ ಹೆಸರುಗಳದ್ದು. ಅದರಲ್ಲಿದ್ದರೆ ಎಷ್ಟೇ ಸಣ್ಣದಾದರೂ, ಹೇಗೇ ಇದ್ದರೂ ಲಿಂಟರ್ ಸುಮ್ಮನೆ ಬಿಡುತ್ತದೆ. ಇನ್ನೊಂದು ಕೆಟ್ಟ ಹೆಸರುಗಳದ್ದು. ಅದರಲ್ಲಿದ್ದರೆ ಎಷ್ಟೇ ಚಂದ ಇದ್ದರೂ ತಕರಾರು. ಒಳ್ಳೆಯ ಪಟ್ಟಿಯಲ್ಲಿ 'ಎನ್‌ಡಿ' ಎಂಬ ಎರಡಕ್ಷರ ಕಂಡಿತು. ನಂದನ ತನ್ನ ಕೋಡಿನಲ್ಲಿ ಎಲ್ಲೆಂದರಲ್ಲಿ ಬಳಸುತ್ತಿದ್ದ ಹೆಸರು ಅದು. ಅವನು ಯಾಕೆ ಯಾವತ್ತೂ ಸೋಲುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅವಳು ನೋಡಿದ್ದನ್ನು ಅವನೂ ನೋಡಿದ.

"ಹೊಸತು ಎಂತಾದರೂ ಸೇರಿಸುವುದಿದ್ದರೆ ಸೇರಿಸು" ಎಂದ.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಜೋಯ್‌ಸ್ಟನ್ ಎಂದಿನಂತೆ ಜಾಗ ಹಿಡಿದಿದ್ದ. ಭಾನುವಾರ ಲೈಟ್‌ಹೌಸ್ ಹತ್ತಿರ ಎಷ್ಟು ಕಾರು ಬಂದಿತ್ತು, ಪಾರ್ಕಿಂಗಿಗೆ ಎಂತ ಗಲಾಟೆ ಆಯಿತು ಎಂದು ಲವೀನಾ ಉಡುಪಿಯವರೆಗೂ ಮಾತಾಡಿದಳು. ಹಿಂದಿನ ದಿನ ಸಂಜೆಯೇ ಅವಳು ಕೆಟ್ಟ ಪಟ್ಟಿಯ ಕೊನೆಗೆ ಒಂದು ಅಲ್ಪವಿರಾಮ ಹಾಕಿ, ಅದರ ಮುಂದೆ ಡೈನಾ ಎಂದು ಸೇರಿಸಿದ್ದಳು. ಈಗ ಹೇಳಿದ್ದರೆ ಅವನು ಆಫೀಸಿಗೆ ಹೋಗಿ ಮಧ್ಯಾಹ್ನದೊಳಗೆ ಬದಲಿಸಿಕೊಳ್ಳುತ್ತಿದ್ದ. ಅವಳಿಗೆ ಅದು ನೆನಪಾಗದೆ ಇರಲಿಲ್ಲ. ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಮಣಿಪಾಲದ ಬಸ್ಸಿಗೆ ಹತ್ತುವಾಗಲೂ ನೆನಪಾಯಿತು. ಹೇಳಲಿಲ್ಲ.

ಶುಕ್ರವಾರ ಸಂಜೆ ಟಿವಿ ಪೂರ್ತಿ ಕೆಂಪಾಯಿತು. ಒಂದೇ ಹೆಸರು, ಒಂದೇ ತಕರಾರು, ಮೇಲಿಂದ ಕೆಳಗೆ ಓಡುತ್ತಲೇ ಇತ್ತು.

"ಇದು ಯಾರದ್ದು ಮಾರಾಯ್ರೆ, ಲಂಗುಲಗಾಮಿಲ್ಲದೆ?" ಎಂದ ನಂದನ. "ಓಹೋ, ಎ-ಒನ್ ವಾಪಸು ಬಂದರು. ಡೈನಾ ಅಂದರೆ ಎಂತ ಜೋಯ್‌ಸ್ಟನ್?"

ಜೋಯ್‌ಸ್ಟನ್ ಟಿವಿ ನೋಡುತ್ತಾ ನಿಂತಿದ್ದ.

"ಹಳೆ ಲವ್ವಾ?" ಯಶ್ಮಿತಾ ಕೇಳಿದಳು. "ದೋಹಾದ್ದಾ?"

ಎಲ್ಲರೂ ನಕ್ಕರು. ಲವೀನಾ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಆ ನಗು ಅಲ್ಲಿಗೇ ಮುಗಿದು ಇನ್ನೇನೋ ಹೆಸರು ಆರಿಸುತ್ತಿದ್ದರೇನೋ.

"ಅವರ ಮಗಳು" ಎಂದಳು ಲವೀನಾ. "ಆರನೇ ಕ್ಲಾಸು."

ಇಡೀ ಕೋಣೆ ಹೋ ಎಂದಿತು. "ಡೈನಾ! ಡೈನಾ!" ಎಂದು ಮೇಜು ಬಡಿದವಳು ಯಶ್ಮಿತಾ. ನಂದನ ಆಗಲೇ ಚೀಟಿ ಬರೆಯಲು ಪೆನ್ನು ತೆಗೆದಿದ್ದ.

"ಬೇರೆ ಎಂತಾದರೂ ಇಡಿ ಸರ್" ಎಂದ ಜೋಯ್‌ಸ್ಟನ್. "ಎ-ಒನ್ ಅಂತಲೇ ಕರೆಯಿರಿ. ಪರವಾಗಿಲ್ಲ."

"ರೂಲ್ ರೂಲ್ ಅಲ್ವಾ? ನಾನು ಮಾಡಿದ್ದೂ ಅಲ್ಲ. ಈ ರೂಲ್ ಹಾಕಿದ್ದು ನಮ್ಮ ಲವೀನಾ. ಚಪ್ಪಾಳೆ ಹೊಡೆಯಿರಿ."

ಹೊಡೆದರು. ಜೋಯ್‌ಸ್ಟನ್ ಅವಳ ಕಡೆ ತಿರುಗಿ ನೋಡಿದ. ಅವಳು ಚಪ್ಪಾಳೆಗೆ ಮುಖ ಕೊಟ್ಟು ನಕ್ಕಳು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಉದ್ಯಾವರ ದಾಟಿದ ಮೇಲೆ ಅವನು ಮಾತು ತೆಗೆದ.

"ನಿನ್ನೆ ಬೆಳಿಗ್ಗೆ ಹೇಳಬಹುದಿತ್ತಲ್ಲ ಬಾಯೇ."

"ರೂಲ್ ಎಲ್ಲರಿಗೂ ಒಂದೇ ಅಂಕಲ್."

"ಆ ಹೆಸರು ಹಾಕಲಿಕ್ಕೆ ಹೇಳಿದ್ದು ನೀನು."

"ಸದ್ಯಕ್ಕೆ ಅಂತ ಹೇಳಿದ್ದು. ಮತ್ತೆ ಬದಲಿಸಿ ಅಂತಲೂ ಹೇಳಿದ್ದೆ."

ಅವನು ಸ್ವಲ್ಪ ಯೋಚಿಸಿದ. "ಅದು ಹೌದು" ಎಂದ.

ಸೋಮವಾರ ಬೆಳಿಗ್ಗೆ ಕಿಟಕಿ ಪಕ್ಕದ ಸೀಟಿನಲ್ಲಿ ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಹೊರಟ ಹೆಂಗಸೊಬ್ಬಳು ಕೂತಿದ್ದಳು. ಜೋಯ್‌ಸ್ಟನ್ ಊಟದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಲವೀನಾ ಉಡುಪಿಯವರೆಗೆ ನಿಂತು ಹೋದಳು.

ಆ ವಾರ ಆಫೀಸಿಗೆ ಹಬ್ಬ. ಎ-ಒನ್ ಅನ್ನು ಕರೆಯುವಾಗ ಬಾರದಿದ್ದ ಮಜಾ ಇದರಲ್ಲಿ ಬಂತು. ಯಾರು ಶುರು ಮಾಡಿದರೋ, ಹೆಸರಿನ ಜೊತೆಗೆ ಮಾತೂ ಬದಲಾಯಿತು. "ಡೈನಾ ಬಂದಳಾ?" "ಡೈನಾ ಊಟಕ್ಕೆ ಹೋಗಿದ್ದಾಳೆ." "ಡೈನಾ, ಹೋಂವರ್ಕ್ ಆಯಿತಾ ಪುಟ್ಟಾ?" ಮೀಸೆ ಇರುವ, ನೆತ್ತಿ ಬೋಳಾಗುತ್ತಿರುವ ಮನುಷ್ಯ ತಲೆ ತಗ್ಗಿಸಿ "ಆಯಿತು" ಎನ್ನುತ್ತಿದ್ದ. ಕೆಲಸ ಬೇಕಲ್ಲ.

ಬುಧವಾರ ಮಧ್ಯಾಹ್ನ ಆನಿ ಮಗಳನ್ನು ಮಣಿಪಾಲಕ್ಕೆ ಕರೆದುಕೊಂಡು ಬಂದಿದ್ದಳು. ಡೈನಾಳ ಹಲ್ಲಿಗೆ ಕಟ್ಟಿದ ತಂತಿ ಬಿಗಿ ಮಾಡಿಸುವುದಿತ್ತು. ಮುಗಿಸಿಕೊಂಡು, ಹೇಗೂ ಬಂದಿದ್ದೇವಲ್ಲ, ಅಪ್ಪನ ಆಫೀಸು ನೋಡಿ ಒಟ್ಟಿಗೇ ಹೋಗುವ ಎಂದು ಮೇಲೆ ಹತ್ತಿ ಬಂದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಹುಡುಗಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ನೋವಿತ್ತು. ಲವೀನಾಳನ್ನು ನೋಡಿ ಕಣ್ಣಲ್ಲೇ ನಕ್ಕಳು. ಟೀಚರು ಇರುವ ಜಾಗ, ಹೆದರುವುದು ಬೇಡ ಎಂಬ ಹಾಗೆ.

ಒಳಗಿನ ಕ್ಯಾಬಿನ್‌ನಿಂದ ನಂದನ ಕೂಗಿದ. "ಡೈನಾ! ಕಾರ್ಕಳದ ಹಾಸ್ಟೆಲಿನ ಸ್ಟಾಕು ಎಲ್ಲಿ? ಎಷ್ಟು ಸಲ ಹೇಳುವುದು ನಿನಗೆ? ಕಿವಿ ಕೇಳುವುದಿಲ್ಲವಾ ಡೈನಾ?"

ಹುಡುಗಿ ಎದ್ದು ನಿಂತಳು. ಕರವಸ್ತ್ರ ತೆಗೆದು "ಹಾಂ?" ಎಂದಳು. ಅದೇ ಹೊತ್ತಿಗೆ ಆಚೆ ಮೇಜಿನಿಂದ ಅವಳ ಅಪ್ಪ "ಬಂದೆ" ಎಂದು ಎದ್ದಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಜೋಯ್‌ಸ್ಟನ್‌ಗೆ ಹೆಂಡತಿ ಮಗಳು ಬಂದಿದ್ದಾರೆಂದು ಗೊತ್ತಾದದ್ದೇ ಆಗ. ಅವನ ಮೇಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಇತ್ತು. ಹುಡುಗಿ ಅದನ್ನು ಓದಿದಳು. ಅದು ಅವಳ ಹೆಸರು, ಓದಲು ಎಷ್ಟು ಹೊತ್ತು ಬೇಕು? ಯಶ್ಮಿತಾಳ ಮೂಗಿನಿಂದ ತಡೆಯಲಾಗದ ಒಂದು ನಗು ಹೊರಟಿತು.

"ಎಂತ ಇದು ಲವೀನಾ?" ಎಂದು ಆನಿ ಕೇಳಿದಳು.

"ಆಟ ಆಂಟಿ. ಆಫೀಸಿನಲ್ಲಿ ಹೀಗೇ ಒಂದು ಆಟ."

ನಂದನ ಹೊರಗೆ ಬಂದ. ಅವನಿಗೆ ಎರಡು ಕ್ಷಣ ಬೇಕಾಯಿತು. "ಓ! ಒರಿಜಿನಲ್ ಇವಳಾ?" ಎಂದು ಹುಡುಗಿಯ ಕೈ ಕುಲುಕಿ, ಡ್ರಾಯರಿನಿಂದ ಒಂದು ಚಾಕೊಲೇಟ್ ತಂದುಕೊಟ್ಟ. ಅಂಟು ಚಾಕೊಲೇಟ್. ತಂತಿ ಕಟ್ಟಿದ ಹಲ್ಲಿಗೆ ಅದು ಆಗದು. ಅವಳು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು. ಅಪ್ಪನ ಮುಖ ನೋಡಲಿಲ್ಲ. ಲವೀನಾಳ ಮುಖ ನೋಡಿದಳು.

ಅವರನ್ನು ಬಸ್ಸು ಹತ್ತಿಸಿ ಬಂದ ಜೋಯ್‌ಸ್ಟನ್ ಆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದ. ಆಮೇಲೆ ಕೂತು, ತನ್ನ ಕೋಡಿನಲ್ಲಿ ಡೈನಾ ಎಂದು ಇದ್ದಲ್ಲೆಲ್ಲ ಒಂದೇ ಏಟಿಗೆ ಬದಲಿಸಿದ. ಅಕ್ಕಿ ದಾಸ್ತಾನು ಎಂಬ ಅರ್ಥದ, ಉದ್ದವಾದ, ಎಲ್ಲ ನಿಯಮಕ್ಕೂ ಸರಿಹೋಗುವ ಇಂಗ್ಲಿಷ್ ಹೆಸರು ಇಟ್ಟ. ಒಂದನ್ನೂ ಬಿಡಲಿಲ್ಲ. ಸಂಜೆಯಾಗುವ ಮೊದಲು ಲವೀನಾಳ ಒಪ್ಪಿಗೆಗೆ ಕಳಿಸಿದ.

ಲಿಂಟರ್ ಓಡಿಸಿದಳು. ತಕರಾರು ಒಂದೂ ಇಲ್ಲ.

ಅವಳು ಕೋಡು ಓದಿದಳು. ಓದುವುದು ಅವಳ ಕೆಲಸವಾಗಿರಲಿಲ್ಲ, ಆದರೂ ಓದಿದಳು. ಓದಿದಾಗ ಕಾಣಿಸಿತು. ಕೋಡಿನಲ್ಲಿ ಹೆಸರು ಬದಲಾಗಿದೆ. ಆದರೆ ಹಾಸ್ಟೆಲ್‌ಗಳ ಹಳೆಯ ಲೆಕ್ಕವೆಲ್ಲ ಕಡತದಲ್ಲಿ ಡೈನಾ ಎಂಬ ತಲೆಬರಹದ ಕೆಳಗೇ ಇದೆ. ಬಸ್ಸಿನಲ್ಲಿ ಅವನೇ ಹೇಳಿದ್ದನಲ್ಲ. ಹೊಸ ಕೋಡು ಹೊಸ ಹೆಸರಿನಲ್ಲಿ ಹುಡುಕುತ್ತದೆ, ಸಿಗುವುದಿಲ್ಲ. ಸಿಗದಿದ್ದರೆ ಸೊನ್ನೆ ಎಂದು ತಿಳಿದುಕೋ ಎಂದು ಇನ್ನೊಂದು ಸಾಲಿದೆ. ಅಂದರೆ ನಾಳೆ ಬೆಳಿಗ್ಗೆ ಪ್ರೋಗ್ರಾಮಿನ ಪ್ರಕಾರ ಯಾವ ಹಾಸ್ಟೆಲಿನಲ್ಲೂ ಒಂದು ಕಾಳು ಅಕ್ಕಿ ಇರುವುದಿಲ್ಲ. ಲಿಂಟರ್ ಇದನ್ನು ಹೇಳುವುದಿಲ್ಲ. ಅದು ಹೆಸರು ಸರಿಯಾಗಿದೆಯಾ ನೋಡುತ್ತದೆ, ಆ ಹೆಸರಿನವರು ಮನೆಯಲ್ಲಿದ್ದಾರಾ ಎಂದು ನೋಡುವುದಿಲ್ಲ.

ಜೋಯ್‌ಸ್ಟನ್ ಮೇಜಿನ ಮೇಲೆ ಮೊಣಕೈ ಊರಿ ಹಣೆ ಹಿಡಿದುಕೊಂಡು ಕೂತಿದ್ದ. ಬೇರೆ ದಿನವಾಗಿದ್ದರೆ ಅವನಿಗೇ ಹೊಳೆಯುತ್ತಿತ್ತು. ಅವಳು "ಅಂಕಲ್" ಎಂದರೆ ಸಾಕಿತ್ತು, ತಿರುಗುತ್ತಿದ್ದ.

ಹೆಸರು ಮಾತ್ರ ನೀನು ನೋಡು ಎಂದು ನಂದನ ಹೇಳಿದ್ದ. ಹೆಸರು ಸರಿ ಇತ್ತು. ಅವಳು ಒಪ್ಪಿಗೆಯ ಬಟನ್ ಒತ್ತಿದಳು. 'ಹೆಸರುಗಳು ಚೆನ್ನಾಗಿವೆ' ಎಂದು ಒಂದು ಸಾಲೂ ಬರೆದಳು. ನಂದನ ತನ್ನ ಪಾಲಿನದ್ದನ್ನು ನೋಡಬೇಕಿತ್ತು. ಮಧ್ಯಾಹ್ನ ಆ ಗಲಾಟೆಯಾದ ಮೇಲೆ ಅವನಿಗೂ ಜೋಯ್‌ಸ್ಟನ್‌ನ ಕೋಡು ಮುಟ್ಟುವ ಮನಸ್ಸಿರಲಿಲ್ಲ, ಲವೀನಾ ನೋಡಿದ್ದಾಳಲ್ಲ ಎಂದು ಮುಂದೆ ಕಳಿಸಿಬಿಟ್ಟ.

ಮಣಿಪಾಲದ ಹಾಸ್ಟೆಲಿನವರು ಬೆಳಿಗ್ಗೆ ಪ್ರೋಗ್ರಾಮು ಹಾಕಿದ ಅಕ್ಕಿಯ ಆರ್ಡರ್ ನೋಡಿ ಅನುಮಾನಪಟ್ಟು ಫೋನ್ ಮಾಡಿದರು. ಕಾರ್ಕಳದವರು ಮಾಡಲಿಲ್ಲ, ಅಲ್ಲಿ ಆರ್ಡರ್ ನೇರ ರೈಸ್ ಮಿಲ್ಲಿಗೆ ಹೋಗು‍ವಂತೆ ಇತ್ತು. ಮರುದಿನ ಊಟದ ಹೊತ್ತಿಗೆ ಅಲ್ಲಿನ ವಾರ್ಡನ್ ಆಲ್ಫೋನ್ಸ್‌ರವರ ಫೋನ್ ಬಂತು. ಪ್ರಭಾವತಿ ಮೇಡಂ ಸ್ಪೀಕರಿಗೆ ಹಾಕಿದರು.

"ಎಂತ ಮಾರಾಯ್ರೆ, ನಮ್ಮನ್ನು ಅಕ್ಕಿ ಅಂಗಡಿ ಮಾಡಲಿಕ್ಕೆ ಹೊರಟಿದ್ದೀರಾ? ಸ್ಟೋರಿನಲ್ಲಿ ಇಲಿ ತಿರುಗಲಿಕ್ಕೂ ಜಾಗ ಇಲ್ಲ. ಹೊರಗೆ ಪುನಃ ಲೋಡು ಬಂದು ನಿಂತಿದೆ. ಡ್ರೈವರ್ ಬಜಗೋಳಿಗೆ ಹೋಗಲಿಕ್ಕುಂಟು ಅಂತ ಎಲ್ಲವನ್ನೂ ಅಂಗಳದಲ್ಲೇ ಇಳಿಸುತ್ತಿದ್ದಾನೆ. ಇದಕ್ಕಿಂತ ನನ್ನ ಹಳೆ ಪುಸ್ತಕವೇ ಸಾಕಿತ್ತು!"

ಮೇಡಂ ಕೂಗಾಡುವವರಲ್ಲ. ಫೋನ್ ಇಟ್ಟು ಜೋಯ್‌ಸ್ಟನ್‌ನನ್ನು ಕರೆದರು. "ನೀವು ಈಗಲೇ ಕಾರ್ಕಳಕ್ಕೆ ಹೋಗಿ. ಆ ಮೂಟೆಗಳನ್ನು ಒಳಗೆ ಹೊಂದಿಸಿ ಕೊಟ್ಟು ಬನ್ನಿ. ನಿಮಗೆ ಗೋದಾಮಿನ ಅನುಭವ ಉಂಟಲ್ಲ."

ಅವನು ಹೋದ. ಆಗಲೇ ಅವನಿಗೆ ಗೊತ್ತಾಗಿತ್ತು, ತಪ್ಪು ಎಲ್ಲಿ ಎಂದು. ಬಾಗಿಲಲ್ಲಿ ಲವೀನಾಳ ಮೇಜು ದಾಟುವಾಗ ನಿಂತ. "ನೀನು ನೋಡಿದ್ದೆಯಾ ಬಾಯೇ?" ಎಂದು ಕೇಳಿದ. ಅವಳು ಕೀಬೋರ್ಡಿನಿಂದ ಕಣ್ಣೆತ್ತಲಿಲ್ಲ. ಅವನು ಮೆಟ್ಟಿಲಿಳಿದು ಹೋದ.

ಸಂಜೆ ಕುಕ್ಕುಂದೂರಿಗೆ ಮನೆಗೆ ಹೋಗುತ್ತಿದ್ದ ಯಶ್ಮಿತಾ ಆ ಹಾಸ್ಟೆಲಿನ ಎದುರು ಬಸ್ಸಿನಿಂದಲೇ ಒಂದು ಫೋಟೊ ತೆಗೆದು ಗ್ರೂಪಿಗೆ ಹಾಕಿದಳು. ಅಂಗಳದಲ್ಲಿ ಜೋಯ್‌ಸ್ಟನ್, ಆಫೀಸಿನ ಬಿಳಿ ಶರ್ಟಿನಲ್ಲಿ, ಬೆನ್ನ ಮೇಲೆ ಮೂಟೆ. ಕೆಳಗೆ ಬರೆದಿದ್ದಳು: 'ಡೈನಾ ಲೋಡಿಂಗ್...' ಎಲ್ಲರೂ ನಗುವ ಮುಖಗಳನ್ನು ಕಳಿಸಿದರು. ಯಾರು ಕಳಿಸಿಲ್ಲ ಎಂದು ತಿಳಿಯುತ್ತದಲ್ಲ, ಲವೀನಾ ಕೂಡ ಒಂದು ಕಳಿಸಿದಳು.

ಅಷ್ಟರಲ್ಲಿ ಅವಳು ಕೋಡು ಸರಿ ಮಾಡಿ ಮುಗಿಸಿದ್ದಳು. ಸರಿ ಮಾಡುವ ದಾರಿ ಎರಡಿತ್ತು. ಹಳೆಯ ಲೆಕ್ಕದ ಕಡತಗಳನ್ನೆಲ್ಲ ಒಂದೊಂದೇ ತೆರೆದು ತಲೆಬರಹ ಬದಲಿಸುವುದು ಒಂದು, ಅದಕ್ಕೆ ವಾರವೇ ಬೇಕು. ಕೋಡಿನಲ್ಲಿ ಮತ್ತೆ ಡೈನಾ ಎಂದೇ ಹಾಕುವುದು ಇನ್ನೊಂದು. ಅವಳು ಎರಡನೆಯದನ್ನು ಮಾಡಿದಳು. ಆಗ ಲಿಂಟರ್ ಮತ್ತೆ ಕೆಂಪಾಯಿತು. ನಿಯಮದ ಫೈಲು ತೆರೆದು, ಆ ಹೆಸರನ್ನು ಕೆಟ್ಟ ಪಟ್ಟಿಯಿಂದ ಕಿತ್ತು ಒಳ್ಳೆಯ ಪಟ್ಟಿಗೆ ಹಾಕಿದಳು, ನಂದನನ ಎನ್‌ಡಿಯ ಪಕ್ಕಕ್ಕೆ.

"ಗಟ್ಟಿ ಇದ್ದೀ ಮಾರಾಯ್ತಿ" ಎಂದ ನಂದನ. "ಇಷ್ಟೇ ಇದ್ದದ್ದಾ?"

"ಇಷ್ಟೇ ಸರ್."

ಮೇಡಂ ಅವಳನ್ನು ಕರೆದು ಒಂದೇ ಪ್ರಶ್ನೆ ಕೇಳಿದರು. "ನೀನು ಒಪ್ಪಿಗೆ ಕೊಟ್ಟದ್ದಲ್ಲವಾ ಅದಕ್ಕೆ?"

"ನಾನು ಹೆಸರು ನೋಡುವುದು ಮಾತ್ರ ಮೇಡಂ. ಹೆಸರೆಲ್ಲ ಸರಿ ಇತ್ತು. ನಂದನ್ ಸರ್ ಬೇಕಾದರೆ ಹೇಳುತ್ತಾರೆ."

ನಂದನ ಹೇಳಿದ. ಹೇಳದೆ ಅವನಿಗೂ ಬೇರೆ ದಾರಿ ಇರಲಿಲ್ಲ, ಉಳಿದದ್ದನ್ನು ನೋಡದೆ ಮುಂದೆ ಕಳಿಸಿದವನು ಅವನೇ. ತಿಂಗಳ ಕೊನೆಗೆ ಲವೀನಾ ಕಾಯಂ ಆದಳು. ಜೋಯ್‌ಸ್ಟನ್ ಕೊನೆಯ ದಿನ ಎಲ್ಲರಿಗೂ ಬನ್ಸ್ ತಂದ. ಯಾಕೆ ತಂದನೋ, ಯಾರೂ ಕೇಳಲಿಲ್ಲ. ತಿಂದರು.

ಆ ಭಾನುವಾರ ಇಗರ್ಜಿಯಲ್ಲಿ ಚಿಕ್ಕಮ್ಮ ವೆರೊನಿಕಾ ಕುರ್ಚಿಯ ಮಾತು ಎತ್ತಲಿಲ್ಲ. ತರಗತಿಯಲ್ಲಿ ಡೈನಾ ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಳು. ಪಾಠ ಮುಗಿದು ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ ಹತ್ತಿರ ಬಂದಳು. ಈಗ ತಂತಿ ಕಾಣುವ ಹಾಗೆಯೇ ಮಾತಾಡುತ್ತಿದ್ದಳು.

"ಮಿಸ್, ಆಫೀಸಿನಲ್ಲಿ ನಿಮಗೆ ಎಂತ ಹೆಸರು?"

"ಲವೀನಾ."

"ನಿಮ್ಮದೇ?"

"ಹೌದು. ನಾನು ಸರಿಯಾಗಿ ಬರೆಯುತ್ತೇನೆ, ಅದಕ್ಕೆ."

ಹುಡುಗಿ ತಲೆಯಾಡಿಸಿದಳು. ಲೆಕ್ಕದ ಉತ್ತರ ತಿಳಿದ ಹಾಗೆ. ಹೊರಗೆ ಅವಳ ಅಪ್ಪ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಇನ್ನೊಮ್ಮೆ ಗಲ್ಫಿಗೆ ಹೋಗುವ ಓಡಾಟದಲ್ಲಿದ್ದಾನೆ ಎಂದು ಯಾರೋ ಹೇಳಿದ್ದರು. ಲವೀನಾ ಕಿಟಕಿಗಳನ್ನು ಒಂದೊಂದಾಗಿ ಹಾಕಿ, ಸ್ಕೂಟರಿನ ಸದ್ದು ದೂರವಾದ ಮೇಲೆ ಹೊರಗೆ ಬಂದಳು.

ಜೋಯ್‌ಸ್ಟನ್‌ನ ಕುರ್ಚಿಗೆ ಪ್ರೊಬೇಷನ್ ಮೇಲೆ ಬಂದವನು ಕಾರ್ಲ್, ಕಾಲೇಜು ಮುಗಿಸಿದ ಬಿಸಿಯಲ್ಲೇ ಇದ್ದವನು. ಲವೀನಾಳನ್ನು ಅಕ್ಕ ಎನ್ನುತ್ತಿದ್ದ. ಮೊದಲ ಶುಕ್ರವಾರವೇ ಸೋತ. ಹೆಸರನ್ನು ಆರಿಸಿ ಚೀಟಿ ಬರೆದವಳು ಲವೀನಾ. ಅದಕ್ಕೂ ಮೊದಲು, ಕೋಡು ಪರಿಚಯ ಮಾಡಿಕೊಡುತ್ತಿದ್ದ ಹೊತ್ತಿನಲ್ಲಿ, ಅವನು ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ದ.

"ಅಕ್ಕ, ಈ ಡೈನಾ ಅಂದರೆ ಎಂತ?"

"ಅಕ್ಕಿ" ಎಂದಳು ಲವೀನಾ.